ಒಂದು ತರಗತಿ, ಇಬ್ಬರು ಗುರುಗಳು

‘ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು’ ಎಂಬ ಗಾದೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಒಂದೇ ತರಗತಿಯಲ್ಲಿ ಇಬ್ಬರು ಶಿಕ್ಷಕರಿದ್ದಾಗ ಕೂಸು ಬಡವಾಗಲು ಜಗಳವೂ ಬೇಕಿಲ್ಲ, ಅವರಿಬ್ಬರು ಒಬ್ಬರೊಡನೊಬ್ಬರು ಮಾತನಾಡದಿದ್ದರೆ ಸಾಕು. ಈ ಮಾತನ್ನು ಹೇಳುವ ನಾವು ಶಿಕ್ಷಕರಲ್ಲ, ಶಿಕ್ಷಣತಜ್ಞರೂ ಅಲ್ಲ. ಕೇಂದ್ರ ಸರ್ಕಾರದ ನೌಕರಿಯ ವರ್ಗಾವಣೆಯಲ್ಲಿ ಕಲಬುರಗಿಯಿಂದ ಬಂದು ಹೈದರಾಬಾದಿನ ಉಪ್ಪಲ್‌ನಲ್ಲಿ ನೆಲೆಸಿದ ದಂಪತಿ. ನಮ್ಮ ಮಗಳ ಓದಿನ ನಿಮಿತ್ತವಾಗಿ ಎರಡು ವರ್ಷ ಒಂದು ಶಾಲೆಯ ಕೋಣೆಯನ್ನು ಹತ್ತಿರದಿಂದ ಗಮನಿಸುವ ಸಂದರ್ಭ ನಮಗೆ ಬಂತು. ಹೊರನಾಡಿನಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ಇತರ ಕನ್ನಡ ಕುಟುಂಬಗಳಿಗೂ ಇದು ಉಪಯೋಗವಾದೀತು ಎಂದು ಬರೆಯುತ್ತಿದ್ದೇವೆ.

ಉಪ್ಪಲ್‌ನ ಮಗುವಿಗೆ ಭಾಷೆಗಳ ಬಡತನವಿಲ್ಲ. ಮನೆಯಲ್ಲಿ ಕನ್ನಡ, ಅಪಾರ್ಟ್‌ಮೆಂಟಿನ ಅಂಗಳದಲ್ಲಿ ತೆಲುಗು, ಅಂಗಡಿಯಲ್ಲಿ ದಕ್ಖನಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್. ಮೇಲಾಗಿ 2018ರ ಕಾಯಿದೆಯ ಪ್ರಕಾರ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಲಿಕೆ ಕಡ್ಡಾಯ. ಬಹುತೇಕ ಮಕ್ಕಳು ಈ ನಾಲ್ಕು ಹೊಳೆಗಳನ್ನೂ ನಗುನಗುತ್ತ ಈಜಿ ದಾಟುತ್ತಾರೆ. ನಮ್ಮ ಮಗಳೂ ಮಾತಿನಲ್ಲಿ ದಾಟಿದಳು. ಕಥೆ ಹೇಳುವುದರಲ್ಲಿ, ಲೆಕ್ಕವನ್ನು ಬಾಯಲ್ಲೇ ಮಾಡುವುದರಲ್ಲಿ ಅವಳು ಯಾರಿಗೂ ಕಡಿಮೆಯಿರಲಿಲ್ಲ. ಆದರೆ ಪುಟ ತೆರೆದೊಡನೆ ಅವಳ ಮುಖದ ಬಣ್ಣ ಬದಲಾಗುತ್ತಿತ್ತು. ನಾಲ್ಕನೆಯ ತರಗತಿಗೆ ಬರುವ ಹೊತ್ತಿಗೆ ಪರೀಕ್ಷೆಗಳು ನಡೆದು ಒಂದು ಹೆಸರು ಸಿಕ್ಕಿತು: ನಿರ್ದಿಷ್ಟ ಕಲಿಕಾ ನ್ಯೂನತೆ, ಜನ ಡಿಸ್ಲೆಕ್ಸಿಯಾ ಎನ್ನುವುದು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿದ 21 ಬಗೆಯ ನ್ಯೂನತೆಗಳಲ್ಲಿ ಇದೂ ಒಂದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. ಕಣ್ಣಿಗೆ ಕಂಡ ಅಕ್ಷರವನ್ನು ಕಿವಿಗೆ ಗೊತ್ತಿರುವ ಧ್ವನಿಯೊಡನೆ ಜೋಡಿಸುವ ಕೆಲಸ ಇಂಥ ಮಕ್ಕಳಿಗೆ ತಾನಾಗಿ ಆಗುವುದಿಲ್ಲ. ಅದನ್ನು ಬಿಡಿಸಿ, ಹಂತಹಂತವಾಗಿ ಕಲಿಸಬೇಕಾಗುತ್ತದೆ.

ನಮ್ಮ ಅದೃಷ್ಟಕ್ಕೆ ಮಗಳ ಶಾಲೆಯಲ್ಲಿ ಒಬ್ಬ ವಿಶೇಷ ಶಿಕ್ಷಕಿ ಇದ್ದರು. ಮಗುವನ್ನು ಬೇರೆ ಕೋಣೆಗೆ ಕರೆದೊಯ್ಯದೆ ಎಲ್ಲರೊಡನೆ ಕೂಡಿಸಿಯೇ ಕಲಿಸುವುದು ಶಾಲೆಯ ನೀತಿಯಾಗಿತ್ತು. ವಾರಕ್ಕೆ ಕೆಲವು ಪೀರಿಯಡ್‌ಗಳಲ್ಲಿ ಅವರು ತರಗತಿಗೇ ಬರುತ್ತಾರೆ ಎಂದು ತಿಳಿದಾಗ ನಾವು ಸಂತೋಷಪಟ್ಟೆವು. ತರಗತಿಯ ಶಿಕ್ಷಕಿ ಇಪ್ಪತ್ತು ವರ್ಷ ಪಾಠ ಮಾಡಿ ನುರಿತವರು. ವಿಶೇಷ ಶಿಕ್ಷಕಿ ಕಿರಿಯರು, ತಮ್ಮ ವಿದ್ಯೆಯಲ್ಲಿ ಗಟ್ಟಿ. ಇಬ್ಬರಿಗೂ ಮಗುವಿನ ಮೇಲೆ ಪ್ರೀತಿಯಿತ್ತು. ಇಷ್ಟಿದ್ದೂ ಮೊದಲ ನಾಲ್ಕು ತಿಂಗಳು ಕಳೆದರೂ ಅವಳ ಓದು ಒಂದು ಹೆಜ್ಜೆಯೂ ಮುಂದೆ ಹೋಗಲಿಲ್ಲ.

ನಡೆಯುತ್ತಿದ್ದುದು ಹೀಗೆ. ತರಗತಿಯ ಶಿಕ್ಷಕಿ ಕಪ್ಪುಹಲಗೆಯ ಬಳಿ ಪಾಠ ಮಾಡುವರು. ವಿಶೇಷ ಶಿಕ್ಷಕಿ ಕೊನೆಯ ಬೆಂಚಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡು ನಮ್ಮ ಮಗಳ ಕಿವಿಯಲ್ಲಿ ಪಿಸುಗುಟ್ಟುವರು. ಅಂದಿನ ಪಾಠ ಯಾವುದೆಂದು ಅವರಿಗೆ ತಿಳಿಯುತ್ತಿದ್ದುದು ತರಗತಿಯ ಬಾಗಿಲು ದಾಟಿದ ಮೇಲೆಯೇ. ಒಬ್ಬರು ಇಡೀ ಪದವನ್ನು ನೋಡಿ ನೆನಪಿಟ್ಟುಕೋ ಎಂದರೆ, ಇನ್ನೊಬ್ಬರು ಪದವನ್ನು ಧ್ವನಿಗಳಾಗಿ ಒಡೆದು ಓದು ಎನ್ನುವರು. ಚಾಕುವಿಗೆ ಇಂಗ್ಲಿಷಿನಲ್ಲಿ ‘ನೈಫ್’ ಎನ್ನುತ್ತೇವಷ್ಟೆ. ಅದರ ಮೊದಲಲ್ಲಿ ಉಚ್ಚಾರವಾಗದ ‘ಕೆ’ ಅಕ್ಷರವೊಂದಿದೆ. ಉಕ್ತಲೇಖನದಲ್ಲಿ ಮಗಳು ಕಿವಿಗೆ ಕೇಳಿದಂತೆ ‘ಎನ್’ನಿಂದ ಬರೆದಳು. ಧ್ವನಿಯನ್ನು ಸರಿಯಾಗಿ ಹಿಡಿದಳೆಂದು ವಿಶೇಷ ಶಿಕ್ಷಕಿ ಬೆನ್ನು ತಟ್ಟಿದರು. ಅದೇ ಪದದ ಮೇಲೆ ತರಗತಿಯ ಶಿಕ್ಷಕಿ ಕೆಂಪು ಶಾಯಿಯ ಗೆರೆ ಎಳೆದರು. ತಮ್ಮ ತಮ್ಮ ದೃಷ್ಟಿಯಲ್ಲಿ ಇಬ್ಬರೂ ಸರಿಯೇ. ಅಂದು ಸಂಜೆ ಮಗಳು ಕೇಳಿದ ಮಾತು ಮಾತ್ರ ಇಂದಿಗೂ ನಮ್ಮ ಕಿವಿಯಲ್ಲಿದೆ: “ಇಬ್ಬರೂ ಟೀಚರೇ ಇದ್ದಾರ. ನಾ ಯಾರ ಮಾತು ಕೇಳ್ಲಿ?”

ಇನ್ನೂ ಒಂದು ಸಂಗತಿ ನಡೆದಿತ್ತು. ಮಕ್ಕಳು ತಮ್ಮತಮ್ಮಲ್ಲೇ ಒಬ್ಬರನ್ನು ‘ದೊಡ್ಡ ಟೀಚರ್’ ಎಂದೂ ಇನ್ನೊಬ್ಬರನ್ನು ‘ಚಿಕ್ಕ ಟೀಚರ್’ ಎಂದೂ ಕರೆಯತೊಡಗಿದ್ದರು. ಚಿಕ್ಕ ಟೀಚರ ಪಕ್ಕ ಕೂರುವ ಮಗುವೂ ಚಿಕ್ಕದಾಗದೆ ಇರುತ್ತದೆಯೇ? ಬೇರೆ ಕೋಣೆಗೆ ಕಳಿಸಬಾರದೆಂಬ ಒಳ್ಳೆಯ ಉದ್ದೇಶದಿಂದ ಮಾಡಿದ ಏರ್ಪಾಡು ಅದೇ ಕೋಣೆಯೊಳಗೆ ಕಣ್ಣಿಗೆ ಕಾಣದ ಇನ್ನೊಂದು ಕೋಣೆಯನ್ನು ಕಟ್ಟಿಬಿಟ್ಟಿತ್ತು.

ಹೀಗೇಕೆ ಆಗುತ್ತದೆ ಎಂದು ವಿಚಾರಿಸುತ್ತ ಹೋದಂತೆ, ಇದು ಇಬ್ಬರು ವ್ಯಕ್ತಿಗಳ ಸ್ವಭಾವದ ಮಾತಲ್ಲ ಎಂಬುದು ನಮಗೆ ತಿಳಿಯಿತು. ಭಾರತದಲ್ಲಿ ಈ ಇಬ್ಬರು ಶಿಕ್ಷಕರು ಎರಡು ಬೇರೆ ದಾರಿಗಳಿಂದ ಬರುತ್ತಾರೆ. ಸಾಮಾನ್ಯ ಬಿ.ಎಡ್. ಶಿಕ್ಷಣ 1993ರ ಕಾಯಿದೆಯಿಂದ ರೂಪುಗೊಂಡ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತಿನ ವ್ಯಾಪ್ತಿಯಲ್ಲಿದೆ. ಅದು ಶಿಕ್ಷಣ ಸಚಿವಾಲಯಕ್ಕೆ ಸೇರಿದ್ದು. ವಿಶೇಷ ಶಿಕ್ಷಕರ ತರಬೇತಿ 1992ರ ಕಾಯಿದೆಯ ಭಾರತೀಯ ಪುನರ್ವಸತಿ ಪರಿಷತ್ತಿನ ವ್ಯಾಪ್ತಿಯದು. ಅದು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಕ್ಕೆ ಸೇರಿದ್ದು. ಪಠ್ಯಕ್ರಮ ಬೇರೆ, ಕಾಲೇಜು ಬೇರೆ, ಅಭ್ಯಾಸಪಾಠ ಮಾಡುವ ಶಾಲೆಯೂ ಹಲವು ಸಲ ಬೇರೆ. ಸಾಮಾನ್ಯ ಬಿ.ಎಡ್.ನಲ್ಲಿ ಸಮನ್ವಯ ಶಿಕ್ಷಣದ ಬಗ್ಗೆ ಒಂದು ಪತ್ರಿಕೆಯೇನೋ ಇದೆ. ಆದರೆ ಪುಸ್ತಕದಲ್ಲಿ ಸಮನ್ವಯವನ್ನು ಓದುವುದಕ್ಕೂ, ಮತ್ತೊಬ್ಬ ಶಿಕ್ಷಕರೊಡನೆ ಕೂತು ನಾಳೆಯ ಪಾಠವನ್ನು ಹಂಚಿಕೊಳ್ಳುವುದಕ್ಕೂ ಬಹಳ ಅಂತರವಿದೆ. ಎರಡು ಸಚಿವಾಲಯಗಳ ಕೆಳಗೆ ಬೆಳೆದ ಇಬ್ಬರು ಮೊದಲ ಬಾರಿಗೆ ಮುಖಾಮುಖಿಯಾಗುವುದು ನಲವತ್ತು ಮಕ್ಕಳ ಎದುರಿಗೆ! ಸರ್ಕಾರಿ ಕಚೇರಿಯಲ್ಲಿ ದಿನ ಕಳೆಯುವ ನಮಗೆ, ಎರಡು ಇಲಾಖೆಗಳ ನಡುವೆ ಒಂದು ಕಡತ ಹೇಗೆ ನಿಂತಲ್ಲೇ ನಿಲ್ಲುತ್ತದೆ ಎಂಬುದು ಗೊತ್ತು. ಇಲ್ಲಿ ನಿಂತಿದ್ದುದು ಕಡತವಲ್ಲ, ಒಂದು ಮಗುವಿನ ಓದು.

ಕಾನೂನು ಸುಮ್ಮನಿಲ್ಲ ಎನ್ನುವುದೂ ನಿಜ. ವಿಶೇಷ ಶಿಕ್ಷಕರ ಅನುಪಾತವನ್ನು ನಿಗದಿಪಡಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2021ರಲ್ಲಿ ಕೇಂದ್ರ ಸರ್ಕಾರಕ್ಕೆ ನಿರ್ದೇಶಿಸಿತು. ಪ್ರಾಥಮಿಕ ಹಂತದಲ್ಲಿ ವಿಶೇಷ ಅಗತ್ಯವುಳ್ಳ ಹತ್ತು ಮಕ್ಕಳಿಗೆ ಒಬ್ಬ, ಹಿರಿಯ ಪ್ರಾಥಮಿಕ ಹಂತದಲ್ಲಿ ಹದಿನೈದು ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕೆಂಬ ಅನುಪಾತ 2022ರಲ್ಲಿ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲೇ ಸೇರಿತು. ಇದು ದೊಡ್ಡ ಹೆಜ್ಜೆ. ಆದರೆ ಅನುಪಾತವು ಎಷ್ಟು ಜನ ಬೇಕೆಂದು ಹೇಳಬಲ್ಲುದು. ಅವರು ಹೇಗೆ ಕೂಡಿ ದುಡಿಯಬೇಕೆಂದು ಹೇಳಲಾರದು.

ಹೇಗೆ ಎಂಬುದನ್ನು ಯೋಚಿಸಿದವರಿದ್ದಾರೆ. ಅಮೆರಿಕದ ಲಿನ್ ಕುಕ್ ಮತ್ತು ಮರಿಲಿನ್ ಫ್ರೆಂಡ್ ಎಂಬ ಇಬ್ಬರು ವಿದ್ವಾಂಸೆಯರು 1995ರಲ್ಲಿ ಬರೆದ ಒಂದು ಲೇಖನ ಈ ವಿಷಯದಲ್ಲಿ ಇಂದಿಗೂ ಆಧಾರವೆನಿಸಿದೆ. ಅವರು ಹೇಳುವ ಸಹಬೋಧನೆಯಲ್ಲಿ ಇಬ್ಬರೂ ನಿಜವಾಗಿ ಪಾಠ ಮಾಡಬೇಕು. ಒಬ್ಬರು ಪಾಠ ಮಾಡಿ ಇನ್ನೊಬ್ಬರು ಸಹಾಯಕರಾಗಿ ಉಳಿದುಬಿಡುವುದಲ್ಲ. ಅವರ ವಿಚಾರದಿಂದ ಬೆಳೆದು ಬಂದ ಆರು ಬಗೆಗಳನ್ನು ಇಂದು ಶಿಕ್ಷಕರಿಗೆ ಕಲಿಸುತ್ತಾರೆ. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಮಕ್ಕಳನ್ನು ಗಮನಿಸಿ ಗುರುತು ಹಾಕಿಕೊಳ್ಳುವುದು ಒಂದು. ಒಬ್ಬರು ಪಾಠ ಮಾಡುವಾಗ ಇನ್ನೊಬ್ಬರು ಬೆಂಚುಗಳ ನಡುವೆ ಓಡಾಡಿ ನೆರವಾಗುವುದು ಎರಡು. ಪಾಠವನ್ನು ತುಂಡುಮಾಡಿ ಕೋಣೆಯ ಬೇರೆ ಬೇರೆ ಮೂಲೆಗಳಲ್ಲಿ ಇಟ್ಟು ಮಕ್ಕಳನ್ನು ಸರದಿಯಂತೆ ಕಳಿಸುವುದು ಮೂರು. ತರಗತಿಯನ್ನು ಎರಡು ಪಾಲು ಮಾಡಿ ಅದೇ ಪಾಠವನ್ನು ಇಬ್ಬರೂ ಏಕಕಾಲಕ್ಕೆ ಹೇಳುವುದು ನಾಲ್ಕು. ಒಬ್ಬರು ದೊಡ್ಡ ಗುಂಪಿಗೆ, ಇನ್ನೊಬ್ಬರು ಸಣ್ಣ ಗುಂಪಿಗೆ ಕಲಿಸುವುದು ಐದು. ಇಬ್ಬರೂ ಒಟ್ಟಿಗೆ ಹಲಗೆಯ ಮುಂದೆ ನಿಂತು, ಸಂಗೀತದ ಜುಗಲಬಂದಿಯಂತೆ ಒಬ್ಬರ ಮಾತಿಗೆ ಇನ್ನೊಬ್ಬರು ಮಾತು ಕೂಡಿಸುತ್ತ ಹೋಗುವುದು ಆರು. ನಮ್ಮ ಮಗಳ ತರಗತಿಯಲ್ಲಿ ನಡೆಯುತ್ತಿದ್ದುದು ಎರಡನೆಯದರ ಒಂದು ಸೊರಗಿದ ರೂಪ. ಮುಂದಿನ ಬಗೆಗಳಿಗೆ ಹೋಗಬೇಕಾದರೆ ಮುಂಚಿತವಾಗಿ ಕೂತು ಮಾತನಾಡಿರಬೇಕು. ಶ್ರುತಿ ಕೂಡಿಸಿಕೊಳ್ಳದೆ ಜುಗಲಬಂದಿಗೆ ಕೂರುವವರು ಯಾರಿದ್ದಾರೆ?

ಈ ಮಾತಿಗೆ ಉಪ್ಪಲ್‌ನಲ್ಲೇ ಒಂದು ಹೋಲಿಕೆಯಿದೆ. ಇಲ್ಲಿ ಸರ್ವೇ ಆಫ್ ಇಂಡಿಯಾದ ತರಬೇತಿ ಸಂಸ್ಥೆ ಬಹಳ ಕಾಲದಿಂದ ಇದೆ. ಭೂಮಿಯ ಏರಿಳಿತ ಅಳೆಯುವ ಕೆಲಸ ಒಬ್ಬರಿಂದ ಆಗುವುದಲ್ಲ. ಒಬ್ಬರು ಉಪಕರಣದಲ್ಲಿ ಕಣ್ಣಿಟ್ಟಿರುತ್ತಾರೆ, ಇನ್ನೊಬ್ಬರು ದೂರದಲ್ಲಿ ಅಳತೆಯ ಪಟ್ಟಿ ಹಿಡಿದು ನಿಂತಿರುತ್ತಾರೆ. ಎಡಕ್ಕೆ ವಾಲಿಸು, ನೇರ ಹಿಡಿ, ಮುಂದಿನ ಜಾಗಕ್ಕೆ ನಡೆ ಎಂಬುದಕ್ಕೆಲ್ಲ ಕೈಸನ್ನೆಗಳಿವೆ. ಸನ್ನೆಗಳನ್ನು ಮೊದಲೇ ಒಪ್ಪಿಕೊಂಡಿರದಿದ್ದರೆ ಇಬ್ಬರೂ ನಿಪುಣರಾಗಿದ್ದರೂ ಅಳತೆ ತಪ್ಪುತ್ತದೆ. ಪಟ್ಟಿ ಹಿಡಿದವರನ್ನು ಸಣ್ಣವರೆಂದು ಬಗೆದರೂ ತಪ್ಪುತ್ತದೆ. ಪಟ್ಟಿ ಒಂದಿಷ್ಟು ವಾಲಿದರೆ ಉಪಕರಣ ಓದುವವರ ಜಾಣತನವೆಲ್ಲ ವ್ಯರ್ಥ. ನೆಲವನ್ನು ಅಳೆಯುವವರಿಗೆ ಕೊಡುವ ಈ ಕೂಡುತರಬೇತಿಯನ್ನು ಮಕ್ಕಳ ಮನಸ್ಸನ್ನು ಅಳೆಯುವವರಿಗೆ ನಾವೇಕೆ ಕೊಡುತ್ತಿಲ್ಲ?

ಮಗಳ ತರಗತಿಯಲ್ಲಿ ಬದಲಾವಣೆ ಬಂದುದು ಒಂದು ಸಣ್ಣ ಏರ್ಪಾಡಿನಿಂದ. ಪಾಲಕರ ಸಭೆಯಲ್ಲಿ ನಾವು ಯಾರ ಮೇಲೂ ದೂರು ಹೇಳದೆ, ಮಗಳ ಆ ಪ್ರಶ್ನೆಯನ್ನಷ್ಟೇ ಇಬ್ಬರು ಶಿಕ್ಷಕಿಯರ ಎದುರು ಇಟ್ಟೆವು. ಒಂದು ಕ್ಷಣ ಇಬ್ಬರೂ ಸುಮ್ಮನಾದರು. ಬಳಿಕ ಹಿರಿಯ ಶಿಕ್ಷಕಿಯೇ ಕಿರಿಯರತ್ತ ತಿರುಗಿ, ನಾವಿಬ್ಬರೂ ಮಾತನಾಡಲು ಹೊತ್ತೇ ಇಲ್ಲವಲ್ಲ ಎಂದರು. ಅದು ನೆಪವಾಗಿರಲಿಲ್ಲ. ಒಬ್ಬರಿಗೆ ದಿನಕ್ಕೆ ಆರು ಪೀರಿಯಡ್, ಇನ್ನೊಬ್ಬರು ನಾಲ್ಕು ತರಗತಿಗಳಿಗೆ ಓಡಾಡುವವರು. ಮುಖ್ಯೋಪಾಧ್ಯಾಯಿನಿ ವೇಳಾಪಟ್ಟಿಯನ್ನು ಹಿಂದುಮುಂದು ಮಾಡಿ ಶನಿವಾರ ಒಂದು ಪೀರಿಯಡ್ಡನ್ನು ಇಬ್ಬರಿಗೂ ಬಿಡುವಾಗಿಸಿದರು. ಖರ್ಚು ಏನೂ ಇರಲಿಲ್ಲ.

ಆ ನಲವತ್ತು ನಿಮಿಷಗಳಲ್ಲಿ ಅವರು ಒಂದು ನೋಟ್‌ಬುಕ್ ಇಟ್ಟುಕೊಂಡರು. ಬರುವ ವಾರದ ಪಾಠ ಯಾವುದು, ಅದರಲ್ಲಿ ಎಲ್ಲ ಮಕ್ಕಳಿಗೂ ಬರಲೇಬೇಕಾದದ್ದು ಏನು, ಯಾವ ಭಾಗವನ್ನು ಯಾರು ಹೇಳುವುದು, ತಪ್ಪನ್ನು ಹೇಗೆ ತಿದ್ದುವುದು ಎಂಬ ನಾಲ್ಕೇ ವಿಷಯ. ಉಕ್ತಲೇಖನದ ವ್ಯಾಜ್ಯ ಮೊದಲ ಶನಿವಾರವೇ ಮುಗಿಯಿತು. ಧ್ವನಿಯಂತೆ ಬರೆಯುವ ಪದಗಳು ಒಂದು ಪಟ್ಟಿ, ಕಣ್ಣಿನಿಂದಲೇ ನೆನಪಿಡಬೇಕಾದ ಹಟಮಾರಿ ಪದಗಳು ಇನ್ನೊಂದು ಪಟ್ಟಿ. ಎರಡನೆಯ ಪಟ್ಟಿಯಿಂದ ವಾರಕ್ಕೆ ಐದೇ ಪದ. ಆಶ್ಚರ್ಯವೆಂದರೆ ಈ ಪಟ್ಟಿಗಳಿಂದ ಲಾಭವಾದದ್ದು ನಮ್ಮ ಮಗಳೊಬ್ಬಳಿಗೇ ಅಲ್ಲ. ಯಾವ ನ್ಯೂನತೆಯ ಹೆಸರೂ ಅಂಟಿಸಿಕೊಳ್ಳದೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಮುಳುಗುತ್ತಿದ್ದ ಇನ್ನೂ ಕೆಲವು ಮಕ್ಕಳು ತಲೆಯೆತ್ತಿದರು ಎಂದು ಶಿಕ್ಷಕಿಯೇ ನಮಗೆ ಹೇಳಿದರು.

ಮತ್ತೊಂದು ಕೆಲಸವನ್ನೂ ಅವರು ಮಾಡಿದರು. ವಾರದಲ್ಲಿ ಒಂದು ದಿನ ವಿಶೇಷ ಶಿಕ್ಷಕಿ ಹಲಗೆಯ ಮುಂದೆ ನಿಂತು ಇಡೀ ತರಗತಿಗೆ ಪಾಠ ಮಾಡತೊಡಗಿದರು. ಹಿರಿಯ ಶಿಕ್ಷಕಿ ಅಂದು ಐದಾರು ಮಕ್ಕಳನ್ನು ಸುತ್ತ ಕೂಡಿಸಿಕೊಂಡು ನೆಲದ ಮೇಲೆ ಕೂರುವರು. ಆ ಗುಂಪಿನಲ್ಲಿ ಚುರುಕಿನವರೂ ಇರುವರು, ನಿಧಾನದವರೂ ಇರುವರು. ಗುಂಪು ವಾರವಾರ ಬದಲಾಗುವುದು. ದೊಡ್ಡ ಟೀಚರ್, ಚಿಕ್ಕ ಟೀಚರ್ ಎಂಬ ಮಾತು ತಾನಾಗಿ ಸತ್ತಿತು. ಅದಕ್ಕಾಗಿ ಯಾರೂ ಉಪದೇಶ ಮಾಡಬೇಕಾಗಲಿಲ್ಲ.

ಕನ್ನಡದ ಪಾಲು ಬಂದುದೂ ಈ ಶನಿವಾರಗಳಲ್ಲೇ. ಹೊರನಾಡಿನಲ್ಲಿ ಓದಿನ ತೊಡಕಿರುವ ಮಗುವಿನ ತಂದೆತಾಯಿಗೆ ಎಲ್ಲ ದಿಕ್ಕಿನಿಂದಲೂ ಬರುವ ಸಲಹೆ ಒಂದೇ: ಮನೆಯಲ್ಲಿ ನಿಮ್ಮ ಭಾಷೆ ಬಿಡಿ, ಇಂಗ್ಲಿಷ್ ಮಾತನಾಡಿ. ಇಂಗ್ಲಿಷ್ ಸಾಹಿತ್ಯ ಓದಿ ಎಂ.ಎ. ಮಾಡಿದ ಮನೆಯಲ್ಲೂ ಆ ಸಲಹೆ ಕಸಿವಿಸಿ ತಂದಿತ್ತು. ಕಲಬುರಗಿಯ ಅಜ್ಜಿಯೊಡನೆ ಮಗಳು ಫೋನಿನಲ್ಲಿ ಯಾವ ಭಾಷೆಯಲ್ಲಿ ಮಾತನಾಡಬೇಕು? ವಿಶೇಷ ಶಿಕ್ಷಕಿ ಮಾತ್ರ ನಮ್ಮನ್ನು ಬೇರೆಯದೇ ಪ್ರಶ್ನೆ ಕೇಳಿದರು: ಅವಳು ಯಾವ ಭಾಷೆಯಲ್ಲಿ ಕಥೆ ಚೆನ್ನಾಗಿ ಹೇಳುತ್ತಾಳೆ? ಕನ್ನಡದಲ್ಲಿ ಎಂದೆವು. ಹಾಗಾದರೆ ಪಾಠದ ಕಥೆಯನ್ನು ಹಿಂದಿನ ರಾತ್ರಿ ಕನ್ನಡದಲ್ಲಿ ಹೇಳಿ ಕಳಿಸಿ ಎಂದರು. ಅರ್ಥ ಮೊದಲೇ ಗೊತ್ತಿದ್ದರೆ ಅವಳ ಶಕ್ತಿಯೆಲ್ಲ ಅಕ್ಷರ ಬಿಡಿಸುವುದಕ್ಕೆ ಮೀಸಲಾಗುತ್ತದೆ ಎಂಬುದು ಅವರ ಲೆಕ್ಕ. ಆ ಲೆಕ್ಕ ಸರಿಹೋಯಿತು.

ತೆಲುಗು ಶಿಕ್ಷಕಿಯೂ ಈ ಮಾತುಕತೆಯಲ್ಲಿ ಸೇರಿಕೊಂಡರು. ಕನ್ನಡ ಮತ್ತು ತೆಲುಗು ಲಿಪಿಗಳು ಒಂದೇ ಬೇರಿನವು. ಎಷ್ಟೋ ಅಕ್ಷರಗಳಲ್ಲಿ ತಲೆಕಟ್ಟು ಬೇರೆ, ಒಡಲು ಒಂದೇ. ಮನೆಯಲ್ಲಿ ಕಲಿತ ಕನ್ನಡದ ‘ಗ’, ‘ನ’, ‘ರ’ಗಳನ್ನು ಮಗಳು ಶಾಲೆಯ ತೆಲುಗಿನಲ್ಲಿ ಗುರುತಿಸಿದಾಗ, ತನಗೆ ಮೊದಲೇ ಗೊತ್ತಿದ್ದ ಒಂದು ವಿದ್ಯೆ ತರಗತಿಯಲ್ಲಿ ಉಪಯೋಗಕ್ಕೆ ಬಂದ ಸಂತೋಷ ಅವಳದಾಯಿತು. ಕನ್ನಡದ ಮಕ್ಕಳ ಓದಿನ ಬಗ್ಗೆ ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಇಲ್ಲಿ ನಮಗೆ ಧೈರ್ಯ ಕೊಟ್ಟಿತು. ಕಾಗುಣಿತ, ಒತ್ತಕ್ಷರಗಳಿಂದ ತುಂಬಿದ ನಮ್ಮ ಬರಹ ಒಂದೆರಡು ವರ್ಷಗಳಲ್ಲಿ ಕಲಿತು ಮುಗಿಯುವಂಥದಲ್ಲ. ಪ್ರಾಥಮಿಕ ಶಾಲೆಯ ಹಲವು ತರಗತಿಗಳವರೆಗೆ ಆ ಕಲಿಕೆ ಸಾಗುತ್ತಲೇ ಇರುತ್ತದೆ ಎಂಬುದು ಅದರ ಸಾರ. ತಾಳ್ಮೆ ಬೇಕಾದದ್ದು ನಮ್ಮ ಮಗಳಿಗೆ ಮಾತ್ರವಲ್ಲ ಎಂದಾಯಿತು. 2015ರಲ್ಲಿ ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರವು ಡಿಸ್ಲೆಕ್ಸಿಯಾ ಗುರುತಿಸುವ ಸಾಧನವೊಂದನ್ನು ಹೊರತಂದಾಗ ಅದು ಸಿದ್ಧವಾದ ಮೊದಲ ಭಾಷೆಗಳಲ್ಲಿ ಕನ್ನಡವೂ ಒಂದಾಗಿತ್ತು ಎಂಬುದನ್ನು ಹೊರನಾಡಿನ ಪಾಲಕರು ತಿಳಿದಿರುವುದು ಒಳ್ಳೆಯದು. ಮಗುವಿನ ತಾಯ್ನುಡಿಯಲ್ಲೂ ಪರೀಕ್ಷೆ ಮಾಡಿ ಎಂದು ಕೇಳುವ ಹಕ್ಕು ನಮಗಿದೆ.

ಶಿಕ್ಷಕರು ಕೂಡಿ ಸಿದ್ಧರಾದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡನಾಡಿನಲ್ಲೇ ದೊಡ್ಡ ಉದಾಹರಣೆಯಿದೆ. ಕುಕ್ ಮತ್ತು ಫ್ರೆಂಡ್ ತಮ್ಮ ಲೇಖನ ಬರೆದ ಅದೇ 1995ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರ ತಂಡವೊಂದು ಆಂಧ್ರದ ಮದನಪಲ್ಲಿಯ ಬಳಿಯ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿಶಾಲೆಗಳಲ್ಲಿ ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಲಿಯುವುದನ್ನು ನೋಡಿ ಬಂತು. ಯುನಿಸೆಫ್ ನೆರವಿನಿಂದ ಹುಟ್ಟಿದ ‘ನಲಿ-ಕಲಿ’ಯ ಮೂಲ ಅಲ್ಲಿದೆ. ಕಲಿಕಾ ಏಣಿ, ಮೈಲಿಗಲ್ಲು, ಚಿತ್ರಕಾರ್ಡುಗಳನ್ನು ಆ ಶಿಕ್ಷಕರೇ ಒಟ್ಟಿಗೆ ಕೂತು ರೂಪಿಸಿದರು. ಮಕ್ಕಳು ಐದು ಗುಂಪುಗಳಲ್ಲಿ ಕೂರುತ್ತಾರೆ: ಶಿಕ್ಷಕರ ಪೂರ್ಣ ನೆರವು ಬೇಕಾದವರು, ಅರೆ ನೆರವು ಸಾಕಾದವರು, ಗೆಳೆಯರ ಪೂರ್ಣ ನೆರವಿನಿಂದ ಕಲಿಯುವವರು, ಗೆಳೆಯರ ಅರೆ ನೆರವು ಸಾಕಾದವರು, ತಾವಾಗಿಯೇ ಕಲಿಯುವವರು. ಒಂದೇ ಮಗು ಇಂದು ಒಂದು ಗುಂಪಿನಲ್ಲಿ, ನಾಳೆ ಇನ್ನೊಂದರಲ್ಲಿ. ನೆರವು ಬೇಕಾಗುವುದು ಅವಮಾನವಲ್ಲ, ಕಲಿಕೆಯ ಒಂದು ಹಂತ ಎಂಬುದನ್ನು ತರಗತಿಯ ರಚನೆಯೇ ಹೇಳುತ್ತದೆ. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳಿಗೆ ವ್ಯಾಪಕವಾಗಿ ಹರಡಿತು. ಮೇಲಿನಿಂದ ಆದೇಶವಾಗಿ ಬಂದಲ್ಲಿ ಅದು ಸೊರಗಿದ್ದೂ ಉಂಟು ಎಂದು ಊರಿನ ಶಿಕ್ಷಕ ಬಂಧುಗಳು ಹೇಳುತ್ತಾರೆ. ಅದರಲ್ಲೂ ಒಂದು ಪಾಠವಿದೆ: ಕಾರ್ಡುಗಳನ್ನು ರವಾನಿಸಬಹುದು, ಕಾರ್ಡುಗಳನ್ನು ಕೂಡಿ ಮಾಡಿದ ಅನುಭವವನ್ನು ರವಾನಿಸಲಾಗದು.

ಇದೇ ಮಾತು ಮರುವರ್ಷ ನಮ್ಮ ಮನೆಯ ಬಾಗಿಲಿಗೂ ಬಂತು. ಮಗಳು ಐದನೆಯ ತರಗತಿಗೆ ಹೋದಳು. ತರಗತಿಯ ಶಿಕ್ಷಕಿ ಬದಲಾದರು. ವಿಶೇಷ ಶಿಕ್ಷಕಿ ಹೆಚ್ಚಿನ ಸಂಬಳದ ಕೆಲಸ ಸಿಕ್ಕಿ ಬೇರೆಡೆಗೆ ಹೋದರು. ಅವರ ಜಾಗಕ್ಕೆ ಬಂದವರು ಮತ್ತೆ ಕೊನೆಯ ಬೆಂಚಿನ ಪಕ್ಕದ ಕುರ್ಚಿಯಿಂದಲೇ ಪ್ರಾರಂಭಿಸಿದರು. ಹೊಸ ವೇಳಾಪಟ್ಟಿಯಲ್ಲಿ ಶನಿವಾರದ ಆ ಪೀರಿಯಡ್ ಮಾಯವಾಗಿತ್ತು. ಅದನ್ನು ಮರಳಿ ಪಡೆಯಲು ಅರ್ಧ ವರ್ಷ ಹಿಡಿಯಿತು. ಮಗಳು ಈಗ ಓದುತ್ತಾಳೆ. ನಿಧಾನವಾಗಿ, ಬೆರಳಿಟ್ಟು, ಆದರೆ ಪುಟ ಮುಗಿಸುವವರೆಗೆ ಓದುತ್ತಾಳೆ. ಆದರೂ ಆ ಅರ್ಧ ವರ್ಷ ಅವಳ ಬಾಲ್ಯದಿಂದ ಕಳೆದುಹೋದದ್ದು. ಇಬ್ಬರು ಒಳ್ಳೆಯ ಮನುಷ್ಯರು ಒಂದೆಡೆ ಸೇರಿದ ಸುಯೋಗದ ಮೇಲೆ ಒಂದು ಮಗುವಿನ ಅಕ್ಷರ ನಿಂತಿರಬಾರದು. ಅದು ವ್ಯವಸ್ಥೆಯಾಗಬೇಕು.

ವ್ಯವಸ್ಥೆ ಎಂದರೆ ದೊಡ್ಡ ಮಾತಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿಯೊಬ್ಬ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ತರಬೇತಿಯನ್ನು ನಿರೀಕ್ಷಿಸುತ್ತದೆ. ಅದರಲ್ಲಿ ಹತ್ತು ಗಂಟೆಗಳನ್ನಾದರೂ ಇಬ್ಬರೂ ಶಿಕ್ಷಕರು ಜೋಡಿಯಾಗಿ ಕೂತು, ತಮ್ಮದೇ ತರಗತಿಯ ಪಾಠವನ್ನು ಮುಂದಿಟ್ಟುಕೊಂಡು ಕಳೆಯಲಿ. ಸಾಮಾನ್ಯ ಬಿ.ಎಡ್. ಮತ್ತು ವಿಶೇಷ ಬಿ.ಎಡ್. ವಿದ್ಯಾರ್ಥಿಗಳು ಅಭ್ಯಾಸಪಾಠದ ಒಂದೆರಡು ವಾರವನ್ನು ಒಂದೇ ಶಾಲೆಯಲ್ಲಿ, ಒಂದೇ ತರಗತಿಯಲ್ಲಿ, ಜೋಡಿಯಾಗಿ ಮಾಡಲಿ. ಕೂಡಿ ಯೋಜಿಸುವ ಹೊತ್ತು ಶಿಕ್ಷಕರ ಔದಾರ್ಯಕ್ಕೆ ಬಿಟ್ಟದ್ದಾಗದೆ ವೇಳಾಪಟ್ಟಿಯಲ್ಲಿ ಅಚ್ಚಾಗಲಿ. ಅಂಕಪಟ್ಟಿಯ ಮೇಲೆ ಇಬ್ಬರ ಸಹಿಯೂ ಇರಲಿ. ಜೊತೆಗಾರರು ಬದಲಾದಾಗ ಆ ನೋಟ್‌ಬುಕ್ ಮುಂದಿನವರ ಕೈಗೆ ಹೋಗಲಿ.

ಪಾಲಕರಾದ ನಮ್ಮಿಂದ ಆಗುವುದೂ ಒಂದಿದೆ. ಸಭೆಗೆ ಹೋದಾಗ ನಾವೆಲ್ಲ ಅಂಕ ಕೇಳುತ್ತೇವೆ, ಶುಲ್ಕ ಕೇಳುತ್ತೇವೆ, ಬಸ್ಸಿನ ವೇಳೆ ಕೇಳುತ್ತೇವೆ. ಮಗುವಿನ ತರಗತಿಯಲ್ಲಿ ಇಬ್ಬರು ಶಿಕ್ಷಕರಿದ್ದರೆ ಮುಂದಿನ ಸಲ ಇದನ್ನೂ ಕೇಳೋಣ: ನೀವಿಬ್ಬರೂ ಒಟ್ಟಿಗೆ ಕೂತು ಪಾಠದ ಬಗ್ಗೆ ಮಾತನಾಡುವ ಪೀರಿಯಡ್ ಯಾವುದು? ಆ ಪ್ರಶ್ನೆಗೆ ವೇಳಾಪಟ್ಟಿಯಲ್ಲಿ ಉತ್ತರವಿದ್ದರೆ, ಮಿಕ್ಕ ಪ್ರಶ್ನೆಗಳ ಉತ್ತರ ನಿಧಾನವಾಗಿ ಬರುತ್ತದೆ.